ಬಾರ್ಲಿ ನಾನ್-ಮುಲ್ಕಿ, ತಮ್ಮಾ!

2025ರ ಜನವರಿಯಲ್ಲಿ ಯುನೈಟೆಡ್ ಬ್ರೂವರೀಸ್ ಕಂಪನಿ ದರ ಮತ್ತು ಬಾಕಿಯ ತಕರಾರಿನಿಂದ ತೆಲಂಗಾಣಕ್ಕೆ ಬೀರು ಕಳಿಸುವುದನ್ನು ನಿಲ್ಲಿಸಿತು. ಬೇಗನೇ ಮತ್ತೆ ಕಳಿಸತೊಡಗಿತು, ಫೆಬ್ರವರಿಯಲ್ಲಿ ದರವೂ ಏರಿತು. ಆದರೆ ನಡುವಿನ ಆ ಬಾಯಾರಿಕೆಯಲ್ಲಿ ನಮ್ಮ ಪ್ರತಿನಿಧಿಗೆ ‘ಮನೆಯಲ್ಲೇ ಮಾಡಿಕೊಂಡರೆ ಹೇಗೆ?’ ಎಂಬ ಹುಳ ಹೊಕ್ಕಿತು. ಸಲಹೆಗೆಂದು ಅವನು ಹೋದದ್ದು ಜಹೀರಾಬಾದಿನ ಪಕ್ಕದ ಪಾಸ್ತಾಪುರಕ್ಕೆ. ಅಲ್ಲಿನ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಹೆಣ್ಣುಮಕ್ಕಳು ನಾಟಿ ಬೀಜ ಕಾಯ್ದುಕೊಂಡು ಬಂದವರು, 2019ರಲ್ಲಿ ಈಕ್ವೇಟರ್ ಪ್ರಶಸ್ತಿ ಪಡೆದವರು. ಅಂಥದೊಂದು ಬೀಜದ ಬುಟ್ಟಿಯಲ್ಲಿ, ಬೂದಿ ಮತ್ತು ಬೇವಿನೆಲೆಯ ನಡುವೆ ಮಲಗಿದ್ದ ಹಿಂಗಾರಿ ಬಿಳಿಜೋಳದ ಕಾಳೊಂದು ಮಾತಿಗೆ ಒಪ್ಪಿತು. ವಯಸ್ಸು ಹೇಳಲಿಲ್ಲ, ಆಯಿ ಅನ್ನು ಸಾಕು ಎಂದಿತು.

ಪ್ರಶ್ನೆ: ಆಯಿ, ಮನಿಯಾಗ ಬೀರು ಮಾಡಬೇಕಂತ ಮಾಡೀನ್ರಿ. ಎಲ್ಲಿಂದ ಶುರು ಮಾಡ್ಲಿ?

ಜೋಳ: ಬೀರಿನ ಮಾತು ನನ್ನ ಹತ್ರ ಯಾಕ ತಂದಿ ತಮ್ಮಾ? ಅದು ಬಾರ್ಲಿಗೆ ಕೇಳಬೇಕಾದ ಮಾತು. ರಾಜಸ್ಥಾನ, ಹರಿಯಾಣದ ಕಡಿಂದ ಲಾರಿ ಹತ್ತಿ ಬರ್ತದ ಅದು. ನಮ್ಮ ಸಂಗಾರೆಡ್ಡಿ ಜಿಲ್ಲಾದಾಗ ಬೀರಿನ ಕಾರ್ಖಾನಿ ಒಂದೆರಡಲ್ಲ. ನೀರು ಇಲ್ಲೀದು, ಕೂಲಿಗೆ ಹೋಗೋ ಹುಡುಗರು ಇಲ್ಲಿಯವರು, ಕಾಳು ಮಾತ್ರ ಹೊರಗಿಂದು. ನಿಜಾಮರ ಕಾಲದಾಗ 15 ವರ್ಷ ಇಲ್ಲಿ ನೆಲಿ ನಿಲ್ಲದವಗ ಸರ್ಕಾರಿ ನೌಕರಿ ಇರ್ಲಿಲ್ಲ. ಮುಲ್ಕಿ ಅಂದ್ರ ಇಲ್ಲಿಯವ. ಆ ಮುಲ್ಕಿ ಕಾಯ್ದೆ ಸಲುವಾಗಿ 1952ರಾಗ ಗದ್ದಲ, 1969ರಾಗ ಮತ್ತ ಗದ್ದಲ. ಮಂದಿಗೆ ಮಾಡಿದ ಕಾಯ್ದೆ ಕಾಳಿಗೂ ಮಾಡಿದ್ರ ಬಾರ್ಲಿ ಚಿರಾಗಪಲ್ಲಿ ಗಡಿ ನಾಕಾ ದಾಟ್ತಿರ್ಲಿಲ್ಲ.

ಪ್ರಶ್ನೆ: ನೀವು ಪಕ್ಕಾ ಮುಲ್ಕಿ ಏನ್ರಿ?

ಜೋಳ: ಕೇಳೋ ಮಾತೇನಿದು! ನಮ್ಮ ವಂಶ ಬೀದರ ಜಿಲ್ಲಾದ್ದು. 1956ರ ನವೆಂಬರ್ 1ಕ್ಕ ಮುಂಜಾನೆ ಎದ್ದು ನೋಡಿದ್ರ ಆಂಧ್ರದಾಗ ಇದ್ವಿ. ಜಹೀರಾಬಾದು, ನಾರಾಯಣಖೇಡ ಬೀದರಿಂದ ಹೋದವು, ತಾಂಡೂರು ಗುಲ್ಬರ್ಗಾದಿಂದ ಹೋಯ್ತು. 2014ರಾಗ ಮತ್ತ ಎದ್ದು ನೋಡಿದ್ರ ತೆಲಂಗಾಣ. ಹೊಲ ಇದ್ದಲ್ಲೇ ಅದ. ನನ್ನ ಬಿತ್ತೋ ಮಂದಿ ಒಲಿ ಮುಂದ ಕನ್ನಡ ಆಡ್ತಾರ, ತಹಸೀಲ ಕಚೇರಿಯಾಗ ತೆಲುಗು, ಸಂತಿಯಾಗ ದಖನಿ. ನನ್ನ ಮಾತ್ರ ಯಾರೂ ಯಾವ ಭಾಷಾದಾಗೂ ಬೀರಿಗೆ ಕರೀಲಿಲ್ಲ.

ಪ್ರಶ್ನೆ: ತಾಂಡೂರು ತೊಗರಿಗೆ 2022ರಾಗ ಜಿಐ ಟ್ಯಾಗ್ ಸಿಕ್ತಲ್ರೀ...

ಜೋಳ: ಸಿಗ್ಲಿ ಬಿಡು. ನನ್ನ ರೊಟ್ಟಿ ಇಲ್ಲದ ಅದರ ಬ್ಯಾಳಿ ಯಾರ ಮನಿ ಬಾಗಿಲಿಗೆ ಹೋಗ್ತದ ನೋಡೂಣು.

ಪ್ರಶ್ನೆ: ಖರೇನ ನಿಮ್ಮಿಂದ ಬೀರು ಆಗ್ತದೇನ್ರಿ?

ಜೋಳ: ಆಫ್ರಿಕಾದಾಗ ಹೆಣ್ಣುಮಕ್ಕಳು ಎಷ್ಟೋ ತಲಿಮಾರಿನಿಂದ ಮನಿಯಾಗ ನನ್ನ ಬೀರು ಮಾಡ್ಕೊಂಡ ಬಂದಾರ. 1988ರಾಗ ನೈಜೀರಿಯಾ ಸರ್ಕಾರ ಹೊರಗಿನ ಬಾರ್ಲಿ ಮಾಲ್ಟ್ ಬಂದ್ ಮಾಡ್ತು. ಆವಾಗ ಗಿನ್ನೆಸ್‌ನಂಥಾ ದೊಡ್ಡ ಕಂಪನಿನೂ ನನ್ನ ಕಾಲಿಗೇ ಬಿತ್ತು.

ಹ್ಯಾಂಗ ಅಂದ್ರ, ರಾತ್ರಿ ನನ್ನ ನೆನಿ ಹಾಕು, ನಡುನಡುವ ನೀರು ಚೆಲ್ಲಿ ಹೊಸಾದು ಹಾಕು. ಮರುದಿನ ಹಸಿ ಬಟ್ಟಿಯಾಗ ಕಟ್ಟಿಡು. ನಾಲ್ಕೈದು ದಿನಕ್ಕ ಮೊಳಕಿ ಬರ್ತದ, ಬಿಸಿಲಿಗೆ ಗರಿಗರಿ ಒಣಗಿಸು. ಆಮ್ಯಾಲ ಎರಡೂ ಅಂಗೈ ನಡುವ ಹಿಡಿದು ತಿಕ್ಕಿ ಬೇರು, ಚಿಗುರು ಪೂರಾ ಉದುರಿಸಿ ಮೊರದಾಗ ಕೇರು. ಇದರಾಗ ಆಲಸಿತನ ಮಾಡಬ್ಯಾಡ. ನನ್ನ ಎಳೀ ಚಿಗುರಿನಾಗ ಸಯನೈಡ್ ಹುಟ್ಟಿಸೋ ವಿಷ ಅದ. ಮಳಿ ಕೈಕೊಟ್ಟ ವರ್ಷ ಕೂಳಿ ಜೋಳದಾಗ ದನ ಬಿಡಬಾರದಂತ ನಿಮ್ಮಪ್ಪಗ ಗೊತ್ತದ. ನೀ ಹೈದರಾಬಾದಿಗೆ ಓದಾಕ ಹೋದವ, ನಿನಗ ಹ್ಯಾಂಗ ಗೊತ್ತಿರ್ತದ?

ಪ್ರಶ್ನೆ: ಒಣಗಿಸಿ ಬೀಸಿ, ಬಿಸಿ ನೀರಿಗೆ ಹಾಕಿದ್ರ ಆಯ್ತು?

ಜೋಳ: ಅಲ್ಲೇ ನನ್ನ ಮೂಗು ಕೆಳಗಾಗ್ತದ. ನನ್ನ ಪಿಷ್ಟ ಮೆತ್ತಗಾಗಾಕ 70 ಡಿಗ್ರಿ ಮ್ಯಾಲ ಬಿಸಿ ಬೇಕು. ಅದನ್ನ ಸಕ್ಕರಿ ಮಾಡೋ ಕಿಣ್ವ ಅಷ್ಟು ಬಿಸಿ ತಾಳಂಗಿಲ್ಲ. ಬಾರ್ಲಿಗೆ 65ರ ಆಸುಪಾಸಿನಾಗ ಎರಡೂ ಕೆಲಸ ಒಮ್ಮೆಗೇ ಆಗ್ತಾವ. ಅದಕ್ಕ ನನ್ನ ಹಿಟ್ಟು ಮೊದಲ ಗಂಜಿ ಕುದಿಸಿ, ಆರಿಸಿ, ಆಮ್ಯಾಲ ಮೊಳಕಿ ಹಿಟ್ಟು ಕೂಡಿಸಬೇಕು. ಆ ಒಂದು ವಿಷಯದಾಗ ನಾನ್-ಮುಲ್ಕಿ ಜಾಣ, ಒಪ್ಪಿದೆ. ಯೀಸ್ಟ್ ಹಾಕಿದ ಮ್ಯಾಲ ಅದಕ್ಕ 20 ಡಿಗ್ರಿ ತಂಪು ಬೇಕು. ಬ್ಯಾಸಿಗಿಯಾಗ ಇಲ್ಲಿ 40 ದಾಟ್ತದ. ತಾಂಡೂರು ಫರಸಿ ಮ್ಯಾಲ ಗಡಿಗಿ ಇಟ್ರೂ ಅಷ್ಟು ತಂಪಾಗಂಗಿಲ್ಲ. ಹುಳಿ ಏಳೂದು ಮುಗಿಯೂ ಮೊದಲ ಬಾಟ್ಲಿಗೆ ಬಿರಡಿ ಬಿಗಿದ್ರ ಸಿಡೀತದ, ಓಣಿ ಮಂದಿ ಯಾರ ಮದುವಿ ಅಂತ ಕೇಳ್ಕೊಂಡ ಬರ್ತಾರ.

ಪ್ರಶ್ನೆ: ಇಷ್ಟೆಲ್ಲಾ ಸರಿಯಾಗಿ ಮಾಡಿದ್ರ?

ಜೋಳ: ಆವಾಗ ಅಬಕಾರಿ ಅವರು ಬರ್ತಾರ. 1968ರ ಕಾಯ್ದೆ ಅದ. ಲೈಸನ್ಸ್ ಇಲ್ಲದ ಮಾಡೂದು ಅಪರಾಧ, ನಿನ್ನ ಸ್ವಂತ ಗಂಟಲಿಗೆ ಅಂದ್ರೂ.

ಪ್ರಶ್ನೆ: ಸರ್ಕಾರಕ್ಕ ಕುಡಿತದ ಮ್ಯಾಲ ಅಷ್ಟು ಸಿಟ್ಟೇನ್ರಿ?

ಜೋಳ: (ಬುಟ್ಟಿ ಅಲುಗುವಂತೆ ನಕ್ಕು) ಕುಡಿದ್ರ ಯಾಕ ಸಿಟ್ಟು? ಮಾಡ್ಕೊಂಡ್ರ ಸಿಟ್ಟು. 1995ರಾಗ ಎನ್.ಟಿ. ರಾಮರಾವ್ ಪೂರಾ ಬಂದ್ ಮಾಡಿದ್ರು, 1997ರಾಗ ಅಳಿಯ ಬಾಗಿಲು ತೆಗೆದ್ರು. 2023ರಾಗ 2,620 ದಾರೂ ದುಕಾನಕ್ಕ ಚೀಟಿ ಎತ್ತಿದ್ರು. ಒಂದು ಅರ್ಜಿಗೆ 2 ಲಕ್ಷ, ಚೀಟಿ ಬರದಿದ್ರ ರೊಕ್ಕ ವಾಪಸ್ ಇಲ್ಲ. 1 ಲಕ್ಷ 30 ಸಾವಿರದ ಮ್ಯಾಲ ಅರ್ಜಿ ಬಂದ್ವು. ಆ ದುಕಾನದಾಗ ಒಂದು ಬಾಟ್ಲಿ ಮಾರೂ ಮೊದಲ 2,600 ಕೋಟಿ ದಾಟಿ ಖಜಾನಿಗೆ ಬಿತ್ತು. ನಾ ಎಷ್ಟೋ ಹಂಗಾಮು ನೋಡೀನಿ ತಮ್ಮಾ, ಬಿತ್ತದ ಬೆಳಿದದ್ದು ಇದೊಂದ ಬೆಳಿ.

ಪ್ರಶ್ನೆ: ಹಂಗಾದ್ರ ಈಚಲ ಹೆಂಡಕ್ಕ ಪರವಾನಗಿ ಅದಲ್ರೀ?

ಜೋಳ: ಈ ಕಡಿ ಅದ. ಗಡಿ ದಾಟಿ ಬೀದರದಾಗ ಇಳಿಸಿದ್ರ ಕೇಸು. ಬದುವಿನ ಮ್ಯಾಲ ನಿಂತ ಮರ ಒಂದ ಹೊತ್ತಿಗೆ ಕಾಯ್ದೆದೂ ಹೌದು, ಕಳ್ಳಂದೂ ಹೌದು.

ಪ್ರಶ್ನೆ: ಒಟ್ಟಿನಾಗ ನಾ ಏನ್ ಮಾಡ್ಲಿ ಆಯಿ?

ಜೋಳ: ಮೊದಲ ಅಂಬಲಿ ಮಾಡಾಕ ಕಲಿ. ಹಿಟ್ಟು ಕಲಸಿ ರಾತ್ರಿ ಹುಳಿಯಾಕ ಬಿಡು, ಮುಂಜಾನೆ ಗಂಟಾಗದಂಗ ತಿರುವಿ ಕುದಿಸು, ಆರಿದ ಮ್ಯಾಲ ಮಜ್ಜಿಗಿ, ಉಳ್ಳಾಗಡ್ಡಿ ಹಾಕು. ಅದೂ ಹುಳಿ ಎಬ್ಬಿಸೋ ವಿದ್ಯಾನ. ಲೈಸನ್ಸ್ ಬ್ಯಾಡ, ಚೀಟಿ ಬ್ಯಾಡ.

ಪ್ರಶ್ನೆ: ನಶಾ?

ಜೋಳ: ಬ್ಯಾಸಿಗಿ ಮಧ್ಯಾಹ್ನ ಎರಡು ತಂಬಿಗಿ ಕುಡಿದು ಬೇವಿನ ಗಿಡದ ಕೆಳಗ ಅಡ್ಡಾಗು. ಅಬಕಾರಿ ಸಾಹೇಬ್ರು ಬಂದು ಎಬ್ಬಿಸಿದ್ರೂ ಏಳಂಗಿಲ್ಲ. ಅವರಿಗೂ ಒಂದು ತಂಬಿಗಿ ಕೊಡು, ಅವರೂ ಅಲ್ಲೇ ಅಡ್ಡಾಗ್ತಾರ.