ದೂರದೇಶದ ದಾರುವೂ ವಿದ್ಯುತ್ ಗಿಟಾರೂ: ಒಂದು ಮೀಮಾಂಸೆ

1. ವಿಷಯ

ಮನೆಯ ಹಿಂದಿನ ಶೆಡ್ಡಿನಲ್ಲಿ, ಇಲ್ಲವೇ ಕಾರನ್ನು ಬೀದಿಗೆ ತಳ್ಳಿ ತೆರವು ಮಾಡಿಕೊಂಡ ಗ್ಯಾರೇಜಿನಲ್ಲಿ ಕೂತು, ಕಾಂಗೋದ ವೆಂಗೆ, ದಕ್ಷಿಣ ಅಮೆರಿಕದ ಪರ್ಪಲ್‌ಹಾರ್ಟ್, ಮಧ್ಯ ಅಮೆರಿಕದ ಕೊಕೊಬೊಲೊ ಮುಂತಾದ ಮರಗಳಿಂದ ಎಲೆಕ್ಟ್ರಿಕ್ ಗಿಟಾರ್ ಕಟ್ಟುವ ಗೃಹಸ್ಥರ ಪಂಥವೊಂದು ಅಮೆರಿಕ, ಇಂಗ್ಲೆಂಡ್‌ಗಳಲ್ಲಿ ಬಲವಾಗಿ ಬೇರೂರಿದೆ. ಅವರ ಆಚಾರ, ವಿಚಾರ, ಪ್ರಾಯಶ್ಚಿತ್ತಗಳನ್ನು ಶಾಸ್ತ್ರೀಯವಾಗಿ ಪರಾಮರ್ಶಿಸುವುದು ಈ ಪ್ರಬಂಧದ ಉದ್ದೇಶ. ಸಂಶಯ ಇಷ್ಟು: ಈ ಮರಗಳನ್ನು ಅವರು ಕೊಳ್ಳುವುದು ಕಿವಿಗಾಗಿಯೋ, ಕಣ್ಣಿಗಾಗಿಯೋ, ಇನ್ನಾವುದೋ ಇಂದ್ರಿಯಕ್ಕಾಗಿಯೋ? ಹಿಂದಿನ ವಿದ್ವಾಂಸರು ಈ ಪ್ರಶ್ನೆಯನ್ನು ಮುಟ್ಟಿಲ್ಲ. ಅವರಿಗೆ ಬೇರೆ ಕೆಲಸವಿತ್ತು.

2. ಅಧಿಕಾರಿ

ಈ ಶಾಸ್ತ್ರಕ್ಕೆ ಯಾರು ಅಧಿಕಾರಿ? ಗಿಟಾರ್ ನುಡಿಸಬಲ್ಲವರು ಎಂದು ಅವಸರದಲ್ಲಿ ಉತ್ತರಿಸುವವರು ಲಿಯೋ ಫೆಂಡರ್ ಅವರನ್ನು ಮರೆತಿದ್ದಾರೆ. ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ ಈ ಮಹಾಶಯರು ಮುಂದೆ ಟೆಲಿಕಾಸ್ಟರ್ ಎಂದು ಹೆಸರಾದ ಗಿಟಾರನ್ನು 1950ರಲ್ಲೂ ಸ್ಟ್ರಾಟೊಕಾಸ್ಟರನ್ನು 1954ರಲ್ಲೂ ಲೋಕಕ್ಕೆ ಕೊಟ್ಟರು. ಗಿಟಾರ್ ನುಡಿಸುವುದು ಮಾತ್ರ ಅವರಿಗೆ ಬರುತ್ತಿರಲಿಲ್ಲ.

ಇದರಿಂದ ಹೊರಡುವ ನಿಯಮ: ಕಟ್ಟುವವನಿಗೆ ನುಡಿಸುವ ವಿದ್ಯೆ ಅನವಶ್ಯಕ, ಇದ್ದರೆ ಬಾಧಕ. ನುಡಿಸಬಲ್ಲವನು ಮೊದಲ ಗಿಟಾರ್ ಮುಗಿದೊಡನೆ ನುಡಿಸುತ್ತ ಕೂತುಬಿಡುತ್ತಾನೆ. ಎರಡನೆಯದು ಹುಟ್ಟುವುದೇ ಇಲ್ಲ. ಹಾಗಾಗಿ ಒಂದು ಹಾಡೂ ಬಾರದವನು ಉತ್ತಮಾಧಿಕಾರಿ. ಒಂದೇ ಹಾಡಿನ ಆರಂಭವನ್ನಷ್ಟೇ ಬಲ್ಲವನು ಮಧ್ಯಮ. ವೇದಿಕೆ ಹತ್ತಿ ಸಂಭಾವನೆ ಎಣಿಸಿಕೊಳ್ಳುವವನು ಅಧಮ. ಅವನು ಅಂಗಡಿಯಲ್ಲಿ ಸಿದ್ಧ ಗಿಟಾರ್ ಕೊಂಡು ಹಾಳಾಗಲಿ.

3. ಪೂರ್ವಪಕ್ಷ: ದಾರುವಾದ

ನಾದ ಮರದಲ್ಲಿದೆ ಎಂಬುದು ದಾರುವಾದಿಗಳ ಮತ. ಮಹಾಗನಿಯದು ಬೆಚ್ಚಗಿನ ನಾದ, ಮೇಪಲ್‌ನದು ಚುರುಕು, ವೆಂಗೆಯದು ಗಂಭೀರ ಎಂದು ಅವರು ಮರಮರಕ್ಕೂ ಜಾತಕ ಬರೆದಿಟ್ಟಿದ್ದಾರೆ. ಪರೀಕ್ಷಾವಿಧಿ ಹೀಗೆ: ಹಲಗೆಯನ್ನು ಎರಡು ಬೆರಳಲ್ಲಿ ತೂಗಾಡುವಂತೆ ಹಿಡಿದು, ಗೆಣ್ಣಿನಿಂದ ತಟ್ಟಿ, ಕಣ್ಣು ಮುಚ್ಚಿ ಆಲಿಸಬೇಕು. ‘ಟಣ್’ ಎಂದರೆ ಉತ್ತಮ, ‘ದಬ್’ ಎಂದರೆ ತ್ಯಾಜ್ಯ. ದುಡ್ಡು ಕೊಟ್ಟಾದ ಮೇಲೆ ತಟ್ಟಿದ ಹಲಗೆಗಳೆಲ್ಲ ‘ಟಣ್’ ಎನ್ನುವುದು ಈ ಕ್ಷೇತ್ರದ ಬಹು ಮುಖ್ಯ ಶೋಧನೆ.

ವಾದ ಪೂರ್ತಿ ನಿರಾಧಾರವಲ್ಲ. ತಂತಿ ತಾನಾಗಿ ಗಾಳಿಯನ್ನು ಅಷ್ಟಾಗಿ ಅಲುಗಿಸದು. ಸಾಮಾನ್ಯ ಗಿಟಾರಿನಲ್ಲಿ ಮೇಲುಹಲಗೆ ಅದುರಿ ಗಾಳಿಯನ್ನು ತಳ್ಳುವುದರಿಂದಲೇ ನಮಗೆ ಸ್ವರ ಕೇಳುತ್ತದೆ. ತಂಜಾವೂರಿನ ವೀಣೆಗೆ ಹಲಸನ್ನೇ ಹುಡುಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಅಲ್ಲೂ ಬೆನ್ನಿನ ಮರದ ಮಹಿಮೆ ಎಷ್ಟೆಂದು ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಪರೀಕ್ಷಿಸಿದರು. ಬೆನ್ನು, ಪಕ್ಕಗಳ ಮರವೊಂದನ್ನು ಬಿಟ್ಟು ಉಳಿದುದೆಲ್ಲ ಒಂದೇ ಆಗಿರುವ ಆರು ಗಿಟಾರ್ ಮಾಡಿಸಿ, 52 ಮಂದಿ ವಾದಕರಿಗೆ ವೆಲ್ಡಿಂಗ್ ಕನ್ನಡಕ ತೊಡಿಸಿ, ಮಂದ ಬೆಳಕಿನಲ್ಲಿ ನುಡಿಸಲು ಕೊಟ್ಟರು. ದುಬಾರಿಯ ಬ್ರೆಜಿಲ್ ರೋಸ್‌ವುಡ್‌ಗೂ ಅಗ್ಗದ ಮರಕ್ಕೂ ಸಿಕ್ಕ ಅಂಕ ಹೆಚ್ಚುಕಮ್ಮಿ ಒಂದೇ. 2018ರಲ್ಲಿ ಪ್ರಕಟವಾದ ಈ ಫಲಿತಾಂಶಕ್ಕೆ ದಾರುವಾದಿಗಳ ಸಮಾಧಾನ ಸಿದ್ಧವಾಗಿದೆ: ಕಣ್ಣು ಕಟ್ಟಿದರೆ ನಾದ ಹೇಗೆ ತಾನೇ ಕೇಳಿಸೀತು?

4. ಉತ್ತರಪಕ್ಷ: ಕಾಂತವಾದ

ಎಲೆಕ್ಟ್ರಿಕ್ ಗಿಟಾರಿನಲ್ಲಿ ಗಾಳಿಯ ಪಾತ್ರವೂ ಇಲ್ಲ. ತಂತಿಯ ಕೆಳಗೆ ಪಿಕಪ್ ಎಂಬ ಸಾಧನವಿದೆ: ಅಯಸ್ಕಾಂತ, ಅದರ ಸುತ್ತ ಕೂದಲಿನಷ್ಟು ಸಪೂರವಾದ ತಾಮ್ರದ ತಂತಿ, ಏಳೆಂಟು ಸಾವಿರ ಸುತ್ತು. ಉಕ್ಕಿನ ತಂತಿ ಅದರ ಮೇಲೆ ಅದುರಿದಾಗ ಕಾಂತಕ್ಷೇತ್ರ ಕದಡುತ್ತದೆ. ಫ್ಯಾರಡೆ 1831ರಲ್ಲಿ ಕಂಡುಕೊಂಡ ನಿಯಮದಂತೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಆಂಪ್ಲಿಫೈಯರ್ ಅದನ್ನು ಬೀದಿಗೆಲ್ಲ ಹಂಚುತ್ತದೆ. ಅಯಸ್ಕಾಂತಕ್ಕೆ ಉಕ್ಕಿನ ಸಂಗತಿ ಗೊತ್ತು, ಮರದ ಸಂಗತಿ ಗೊತ್ತಿಲ್ಲ. ಗಿಟಾರಿನ ಮರದಿಂದ ನಾದ ತಿಳಿಯಹೊರಡುವುದು ಗಾಯಕನ ಪಂಚೆಯ ಅಂಚು ನೋಡಿ ಶಾರೀರ ತಿಳಿದಂತೆ ಎಂದು ಕಾಂತವಾದಿಗಳು ಕುಹಕವಾಡುತ್ತಾರೆ.

ಇದೂ ಅತಿರೇಕವೇ. ತಂತಿಯ ಎರಡು ತುದಿಗಳನ್ನು ಹಿಡಿದಿರುವುದು ಮರ ತಾನೆ? ಗಿಟಾರಿನ ಕತ್ತು ಕೆಲವು ಸ್ವರಗಳಲ್ಲಿ ತಂತಿಯ ಜೊತೆ ತಾನೂ ಅದುರಿ ಅದರ ಶಕ್ತಿಯನ್ನು ಹೀರುತ್ತದೆ. ಆ ಸ್ವರಗಳು ಬೇಗ ಸಾಯುತ್ತವೆ. ಅಂದರೆ ಮರದ ಪ್ರಭಾವ ಇದೆ, ನಾದವನ್ನು ಕೊಡುವುದಕ್ಕಿಂತ ಕಸಿಯುವುದರಲ್ಲಿ. ಇಷ್ಟು ಅಲ್ಪ ಲಾಭಕ್ಕೆ ಸಮುದ್ರ ದಾಟಿಸಿ ಮರ ತರಿಸುವುದೇಕೆ ಎಂಬ ಪ್ರಶ್ನೆಗೆ ಎರಡೂ ಪಕ್ಷಗಳಲ್ಲಿ ಉತ್ತರವಿಲ್ಲ.

5. ಇತಿಹಾಸ ಪ್ರಮಾಣ

ಇತಿಹಾಸ ಮರದ ಪರವಾಗಿ ಸಾಕ್ಷಿ ಹೇಳುವುದಿಲ್ಲ. 1932ರಲ್ಲಿ ಮಾರುಕಟ್ಟೆಗೆ ಬಂದು ಈ ವಂಶಕ್ಕೆ ಮೂಲಪುರುಷನಾದ ರಿಕೆನ್‌ಬ್ಯಾಕರ್ ‘ಫ್ರೈಯಿಂಗ್ ಪ್ಯಾನ್’ ಎರಕದ ಅಲ್ಯೂಮಿನಿಯಮ್ಮಿನದು, ಆಕಾರದಲ್ಲಿ ಬಾಣಲೆ. 1950ರ ದಶಕದ ಡ್ಯಾನೆಲೆಕ್ಟ್ರೋ ಗಿಟಾರುಗಳ ಹೊದಿಕೆ ಹಾರ್ಡ್‌ಬೋರ್ಡ್; ಪಿಕಪ್ಪಿನ ಕವಚ ಲಿಪ್‌ಸ್ಟಿಕ್ಕಿನ ಕೊಳವೆ. ಲೆಡ್ ಜೆಪ್ಲಿನ್ ರಾಕ್ ತಂಡದ ಜಿಮ್ಮಿ ಪೇಜ್ ಇಂಥದ್ದನ್ನು ಹೆಗಲಿಗೇರಿಸಿದರೂ ಶ್ರೋತೃಗಳು ಎದ್ದುಹೋಗಲಿಲ್ಲ.

ಎಲ್ಲಕ್ಕಿಂತ ಬೋಧಪ್ರದವಾದದ್ದು ಗಿಟಾರ್ ವಾದಕ ಲೆಸ್ ಪಾಲ್ ಅವರ ‘ಲಾಗ್’. ಸುಮಾರು 1940ರಲ್ಲಿ ಅವರು ನಾಲ್ಕಿಂಚು ಚೌಕದ ಪೈನ್ ತೊಲೆಗೆ ತಂತಿ, ಪಿಕಪ್ ಕಟ್ಟಿ ನುಡಿಸಿದರು. ಸದ್ದು ಸೊಗಸಾಗಿತ್ತು, ಜನ ಒಪ್ಪಲಿಲ್ಲ. ಆಗ ಒಂದು ಎಪಿಫೋನ್ ಗಿಟಾರನ್ನು ಉದ್ದಕ್ಕೆ ಸೀಳಿ, ಎರಡು ಹೋಳುಗಳನ್ನು ತೊಲೆಯ ಅಕ್ಕಪಕ್ಕ ಅಂಟಿಸಿದರು. ನಾದಕ್ಕೂ ಆ ಹೋಳುಗಳಿಗೂ ಸಂಬಂಧವಿರಲಿಲ್ಲ. ಜನ ಮಾತ್ರ ಮೆಚ್ಚಿಕೊಂಡರು. ಶ್ರವಣದಲ್ಲಿ ಕಣ್ಣಿನ ಪಾಲು ಎಷ್ಟು ಎಂಬುದಕ್ಕೆ ಇದಕ್ಕಿಂತ ಹಳೆಯ, ಅಗ್ಗದ ಪ್ರಯೋಗ ಸಿಗದು.

6. ದೌರ್ಲಭ್ಯ ವಿಚಾರ

ಮರದ ಮಹಿಮೆ ಅದು ಬೆಳೆಯುವ ಊರಿನಿಂದ ದೂರ ಹೋದಷ್ಟೂ ಹೆಚ್ಚುತ್ತದೆ. ಓಹಾಯೋದ ಗ್ಯಾರೇಜಿನಲ್ಲಿ ಉಸಿರು ಬಿಗಿಹಿಡಿದು ಮುಟ್ಟುವ ‘ಈಸ್ಟ್ ಇಂಡಿಯನ್ ರೋಸ್‌ವುಡ್’ ಎಂದರೆ ನಮ್ಮ ಬೀಟೆ. ಮಲೆನಾಡಿನ ಹಳೆಯ ಮನೆಗಳಲ್ಲಿ ಅದು ಮಂಚವಾಗಿದೆ, ಪೆಟಾರಿಯಾಗಿದೆ; ಅದರ ಮೇಲೆ ಹಪ್ಪಳದ ಡಬ್ಬಿ ಕೂತಿದೆ. ಬ್ರೆಜಿಲ್ ತನ್ನ ರೋಸ್‌ವುಡ್ ದಿಮ್ಮಿಗಳನ್ನು ಹೊರಗೆ ಬಿಡುವುದು ನಿಲ್ಲಿಸಿದ ಮೇಲೆ, 1969ರ ಹೊತ್ತಿಗೆ ಗಿಟಾರ್ ತಯಾರಿಸುವ ಮಾರ್ಟಿನ್ ಕಂಪನಿ ಬೀಟೆಗೆ ಹೊರಳಿತು. ಅಂದಿನಿಂದ ಲೋಕದ ಲೆಕ್ಕವಿಲ್ಲದಷ್ಟು ಗಿಟಾರುಗಳ ಮೇಲೆ ಬೆರಳುಗಳು ಓಡಾಡುತ್ತಿರುವುದು ಪಶ್ಚಿಮ ಘಟ್ಟದ ಸಸ್ಯಸಂಕುಲದ ಮೇಲೆ.

ದೌರ್ಲಭ್ಯಕ್ಕೆ ಕಾನೂನಿನ ಮುದ್ರೆಯೂ ಬಿತ್ತು. ಅಳಿವಿನಂಚಿನ ಜೀವಿಗಳ ವ್ಯಾಪಾರ ಕುರಿತ ಸೈಟಿಸ್ ಒಪ್ಪಂದ ಬ್ರೆಜಿಲ್ ರೋಸ್‌ವುಡ್ಡನ್ನು 1992ರಲ್ಲೇ ಮೊದಲ ಪಟ್ಟಿಗೆ ಸೇರಿಸಿತ್ತು. 2017ರ ಜನವರಿಯಲ್ಲಿ ಬೀಟೆಯೂ ಸೇರಿದಂತೆ ಡಾಲ್ಬರ್ಜಿಯಾ ಕುಲದ ಉಳಿದ ಮರಗಳೆಲ್ಲ ಎರಡನೆಯ ಪಟ್ಟಿಗೆ ಬಂದವು. ಗಿಟಾರ್ ಹಿಡಿದು ಗಡಿ ದಾಟುವವರು ಕಾಗದಪತ್ರ ಹುಡುಕುವಂತಾಯಿತು; 2019ರ ಕೊನೆಯಲ್ಲಿ ಎರಡನೆಯ ಪಟ್ಟಿಯ ಮರದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಅದಕ್ಕೂ ಮೊದಲು, 2011ರಲ್ಲಿ, ಅಮೆರಿಕದ ಫೆಡರಲ್ ಅಧಿಕಾರಿಗಳು ಗಿಬ್ಸನ್ ಗಿಟಾರ್ ಕಾರ್ಖಾನೆಗಳಿಗೆ ಹೊಕ್ಕು ಭಾರತದಿಂದ ಬಂದ ಬೀಟೆ, ಕರಿಮರಗಳನ್ನು ವಶಪಡಿಸಿಕೊಂಡಿದ್ದರು. ವಿವಾದ ಹಲಗೆಯ ದಪ್ಪದ್ದು: ಎಷ್ಟು ಮಿಲಿಮೀಟರಿನವರೆಗೆ ಅದು ಕಚ್ಚಾ ಮರ, ಎಲ್ಲಿಂದ ವಾದ್ಯದ ಭಾಗ? ಇಷ್ಟು ಸೂಕ್ಷ್ಮವಾದ ಮೀಮಾಂಸೆ ಯಾವ ಮಠದಲ್ಲೂ ನಡೆದಂತಿಲ್ಲ.

7. ತಪಸ್ಸು

ಸಾಧಕನ ಕಷ್ಟಗಳನ್ನು ಸಂಕ್ಷೇಪಿಸುವುದು ಅನ್ಯಾಯ. ಕೊಕೊಬೊಲೊದ ಪುಡಿ ಮೈಗೆ ತಾಗಿದರೆ ಹಲವರಿಗೆ ದದ್ದು ಏಳುತ್ತದೆ. ಅದರ ಎಣ್ಣೆಯಂಶದಿಂದ ಅಂಟು ಹಿಡಿಯದು, ಮೊದಲು ಅಸಿಟೋನ್ ಹಾಕಿ ಒರೆಸಬೇಕು. ವೆಂಗೆಯ ಸಿಬಿರು ಬೆರಳಿಗೆ ನಾಟಿದರೆ ಕೀವಾಗದೆ ಬಿಡದು. ಜೀಬ್ರಾವುಡ್ ಕೊಯ್ಯುವಾಗ ದುರ್ವಾಸನೆ. ಪಡೌಕ್ ಕೊಯ್ದರೆ ಗೋಡೆ, ಬಟ್ಟೆ, ಮೂಗು ಎಲ್ಲ ಕಾವಿ. ಪರ್ಪಲ್‌ಹಾರ್ಟ್ ಕೊಯ್ದಾಗ ಕಂದು, ಬೆಳಕು ತಾಗಿದ ಮೇಲೆ ನೇರಳೆ. ಕೆಲವು ವರ್ಷ ಕಳೆದರೆ ಮತ್ತೆ ಕಂದು. ಆ ನಡುವಿನ ನೇರಳೆ ಕಾಲದಲ್ಲೇ ಫೋಟೊ ತೆಗೆಸಿಕೊಳ್ಳಬೇಕು.

ಭಾರವನ್ನೂ ಲೆಕ್ಕಿಸೋಣ. ಐವತ್ತು ಸೆಂಟಿಮೀಟರ್ ಉದ್ದ, ಮೂವತ್ತೈದು ಅಗಲ, ನಾಲ್ಕೂವರೆ ದಪ್ಪದ ಹಲಗೆಯೇ ಗಿಟಾರಿನ ಒಡಲು. ನೀರಲ್ಲಿ ಮುಳುಗುವಷ್ಟು ಗಟ್ಟಿಯಾದ ಕೊಕೊಬೊಲೊದಲ್ಲಿ ಅದು ಎಂಟು ಕಿಲೋ ದಾಟುತ್ತದೆ. ಕೊರೆದು, ಕೆತ್ತಿ, ಟೊಳ್ಳು ಮಾಡಿದ ಮೇಲೆ ಉಳಿದದ್ದನ್ನು ಹೆಗಲಿಗೆ ನೇತುಹಾಕಿಕೊಂಡವನು ಸಂಗೀತದಿಂದ ಮೂಳೆ ವೈದ್ಯರತ್ತ ನಡೆಯುತ್ತಾನೆ. ಉತ್ತಮಾಧಿಕಾರಿಗೆ ಈ ಅಪಾಯವಿಲ್ಲ. ಅವನು ಅದನ್ನು ಗೋಡೆಗೆ ನೇತುಹಾಕುತ್ತಾನೆ.

8. ಮಹಾಪವಾದ

ಮನೆಯಲ್ಲಿ ಕಟ್ಟಿದ ಗಿಟಾರುಗಳ ಚಕ್ರವರ್ತಿ ರಾಕ್ ವಾದಕ ಬ್ರಯನ್ ಮೇ ಅವರ ‘ರೆಡ್ ಸ್ಪೆಷಲ್’. 1963ರಲ್ಲಿ, ಇನ್ನೂ ಹುಡುಗನಾಗಿದ್ದಾಗ, ಎಲೆಕ್ಟ್ರಾನಿಕ್ಸ್ ಬಲ್ಲ ತಂದೆಯ ಜೊತೆ ಲಂಡನ್ನಿನ ಮನೆಯಲ್ಲಿ ಅದನ್ನು ಆರಂಭಿಸಿದರು. ಕತ್ತಿಗೆ ಯಾರೋ ಕಿತ್ತೆಸೆದ ಅಗ್ಗಿಷ್ಟಿಕೆಯ ಮಹಾಗನಿ. ಅದರಲ್ಲಿ ಹುಳು ಕೊರೆದ ತೂತುಗಳು, ತೂತುಗಳಿಗೆ ಬೆಂಕಿಕಡ್ಡಿಯ ತುಂಡು. ಒಡಲಿಗೆ ಹಳೆಯ ಮೇಜಿನ ಓಕ್, ಮರದ ಪಟ್ಟಿ ಜೋಡಿಸಿದ ಬ್ಲಾಕ್‌ಬೋರ್ಡ್. ಗುರುತಿನ ಚುಕ್ಕೆಗಳಿಗೆ ಮುತ್ತಿನ ಚಿಪ್ಪಿನ ಗುಂಡಿ. ಒಳಗೆ ಮೋಟರ್‌ಸೈಕಲ್ಲಿನ ಸ್ಪ್ರಿಂಗ್. ಸ್ವರ ಬಾಗಿಸುವ ಹಿಡಿಕೆಯ ತುದಿಗೆ ಹೆಣಿಗೆಯ ಕಡ್ಡಿ. 2002ರಲ್ಲಿ ಅದೇ ಗಿಟಾರ್ ಬಕಿಂಗ್‌ಹ್ಯಾಮ್ ಅರಮನೆಯ ಮಾಳಿಗೆಯ ಮೇಲೆ ರಾಷ್ಟ್ರಗೀತೆ ನುಡಿಸಿತು.

ದಾರುವಾದಿಗಳು ಇಲ್ಲೂ ಸೋಲೊಪ್ಪುವುದಿಲ್ಲ: ಮಹಾಗನಿ ಇಂಗ್ಲೆಂಡಿನಲ್ಲಿ ಬೆಳೆಯುವುದಿಲ್ಲವಲ್ಲ, ಅದೂ ಕಡಲು ದಾಟಿ ಬಂದದ್ದೇ ಎನ್ನುತ್ತಾರೆ. ಈ ತರ್ಕದಿಂದ ಅವರು ಪಡೆಯುವ ಲಾಭಕ್ಕಿಂತ ನೆರೆಮನೆಯ ಅಗ್ಗಿಷ್ಟಿಕೆಗಳಿಗೆ ಒದಗುವ ಅಪಾಯವೇ ಹೆಚ್ಚು.

9. ನಿರ್ಣಯ

ಹಾಗಾದರೆ ಮರ ಏಕೆ ಬೇಕು? ಒರಟು ಹಲಗೆಯನ್ನು ಕೀಸುಳಿ ಹಾಕಿ ನಯ ಮಾಡಿ, ಸ್ಯಾಂಡ್‌ಪೇಪರ್ ಉಜ್ಜಿ ಉಜ್ಜಿ ಕೈ ಸೋತ ಮೇಲೆ ಮೊದಲ ಸಲ ಎಣ್ಣೆ ಸವರಿದಾಗ, ಅಲ್ಲಿಯವರೆಗೆ ಕಾಣದಿದ್ದ ಗೆರೆಗಳೆಲ್ಲ ಒಮ್ಮೆಲೇ ಎದ್ದುಬರುತ್ತವೆ. ಗಿಟಾರ್ ಕಟ್ಟುವವನು ಕಾಯುವುದು ಆ ಗಳಿಗೆಗೆ. ಕೈಕೆಲಸದ ಈ ಸುಖಕ್ಕೆ ಇಷ್ಟು ಹಣ ಸುರಿದೆ ಎನ್ನಲು ಗೃಹಸ್ಥನಿಗೆ ಸಂಕೋಚ. ನಾದಕ್ಕಾಗಿ ಸುರಿದೆ ಎಂದರೆ ಅದು ಶಾಸ್ತ್ರವಾಗುತ್ತದೆ, ಮನೆಯವರೂ ಸುಮ್ಮನಾಗುತ್ತಾರೆ. ಆದ್ದರಿಂದ ದಾರುವಾದ ಭೌತಶಾಸ್ತ್ರದಲ್ಲಿ ದುರ್ಬಲ, ಸಂಸಾರಶಾಸ್ತ್ರದಲ್ಲಿ ಅಭೇದ್ಯ. ಗಿಟಾರ್ ಈ ಕರ್ಮದ ಉಪಫಲ.

10. ಫಲಶ್ರುತಿ

ಇದನ್ನು ಓದಿದವರಿಗೆ ಗಂಟಿಲ್ಲದ ಹಲಗೆ, ಡೊಂಕಾಗದ ಕತ್ತು ಲಭಿಸಲಿ. ಕಟ್ಟಿ ಮುಗಿಸಿದ ಗಿಟಾರನ್ನು ನುಡಿಸಬಲ್ಲ ಯಾವನಾದರೂ ಅಧಮಾಧಿಕಾರಿ ಬಂದು ಕೇಳಿದರೆ ಚೌಕಾಸಿ ಮಾಡದೆ ಕೊಟ್ಟುಬಿಡಬೇಕು. ಮುಂದಿನ ಹಲಗೆ ಇಡಲು ಶೆಡ್ಡಿನಲ್ಲಿ ಜಾಗ ಬೇಕು.