ಚಿಲ್ಲರೆ ಕೃತಜ್ಞತೆ

ದೊಡ್ಡ ಉಪಕಾರಗಳಿಗೆ ನಮ್ಮ ಕಡೆ ವ್ಯವಸ್ಥೆ ಚೆನ್ನಾಗಿದೆ. ಆಪರೇಷನ್ ಸುಸೂತ್ರವಾಗಿ ಮುಗಿದರೆ, ಮಗನಿಗೆ ಕೆಲಸ ಸಿಕ್ಕರೆ, ಅಂತೂ ಇಂತೂ ಮಗಳಿಗೆ ಗಂಡು ಕುದುರಿದರೆ ದಾವಣಗೆರೆಯಿಂದ 14 ಕಿಲೋಮೀಟರ್ ದೂರದ ಹರಿಹರಕ್ಕೆ ಹೋಗಿ ಆರೋಗ್ಯಮಾತೆಯ ಮುಂದೆ ಮೇಣದಬತ್ತಿ ಹಚ್ಚಿ ಬರಬಹುದು. ಸೆಪ್ಟೆಂಬರ್ 8ರ ಹಬ್ಬಕ್ಕೆ ಬರುವ ಜನರನ್ನು ನೋಡಬೇಕು. 2019ರಲ್ಲಿ ಪೋಪ್ ಫ್ರಾನ್ಸಿಸ್ ಈ ದೇವಾಲಯಕ್ಕೆ ಬಸಿಲಿಕ ಎಂಬ ಪದವಿ ಕೊಟ್ಟರು. ಬೆಂಗಳೂರಿನ ಶಿವಾಜಿನಗರ, ಕಾರ್ಕಳದ ಅತ್ತೂರುಗಳ ಸಾಲಿಗೆ ನಮ್ಮ ಹರಿಹರವೂ ಸೇರಿತು. ಆದರೆ ಪವಾಡ ಎನ್ನಲು ನಾಚಿಕೆಯಾಗುವಂಥ ಉಪಕಾರಗಳಿಗೆ ಎಲ್ಲಿಗೆ ಹೋಗಬೇಕು? ನೆಂಟರು ಎದ್ದು ಹೋಗುವವರೆಗೂ ಗ್ಯಾಸು ಉಳಿದದ್ದು, ಹಾಲು ಒಡೆಯದೆ ಇದ್ದದ್ದು, ಮಳೆ ಬಂದರೂ ಕರೆಂಟು ಹೋಗದೆ ಇದ್ದದ್ದು, ಇವುಗಳಿಗೆ ಹಬ್ಬವೂ ಇಲ್ಲ, ನೊವೇನವೂ ಇಲ್ಲ.

ನಮ್ಮಮ್ಮ ಬದುಕಿದ್ದಷ್ಟು ದಿನ ಈ ಇಲಾಖೆಯನ್ನು ಒಬ್ಬಳೇ ನಡೆಸಿದಳು. ವಿನೋಬನಗರದ ನಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ ಮುಂಚೆ ಜಪಸರ. ಅದು ಮುಗಿಯುವುದಕ್ಕೆ ಒಂದು ಲೆಕ್ಕವಿದೆ; ಮಣಿ ಎಣಿಸಿಕೊಂಡು ಧೈರ್ಯ ತಂದುಕೊಳ್ಳಬಹುದು. ಅದಾದ ಮೇಲೆ ಶುರುವಾಗುತ್ತಿದ್ದ ಅಮ್ಮನ ಸ್ವಂತ ಕೃತಜ್ಞತಾ ಪ್ರಾರ್ಥನೆಗೆ ಮಣಿಯಿಲ್ಲ, ಲೆಕ್ಕವಿಲ್ಲ.

"ಸ್ವಾಮಿ, ಇವತ್ತು ನಲ್ಲಿ ನೀರು ಹಂಡೆ ತುಂಬೋವರೆಗೂ ಬಂತು, ನಿಮಗೆ ಕೃತಜ್ಞತೆ. ಅಶೋಕ ಟಾಕೀಸಿನ ಹತ್ರ ರೈಲ್ವೆ ಗೇಟು ತೆಗೆದೇ ಇತ್ತು, ಕೃತಜ್ಞತೆ. ಇವರು ನೆನಪು ಮಾಡದೇನೇ ಕರಿಬೇವು ತಂದ್ರು, ಅದಕ್ಕೂ ಕೃತಜ್ಞತೆ. ಯಾರೋ ಇಬ್ಬರು ಬೆಲ್ಲದ ಡಬ್ಬಿಗೆ ಕೈ ಹಾಕಿದ್ರು, ಆದ್ರೂ ಸ್ವಲ್ಪ ಉಳಿಸಿದ್ರು, ಆ ಮಕ್ಕಳಿಗೂ ಒಳ್ಳೇದು ಮಾಡಪ್ಪ."

ಇದನ್ನು ಪ್ರಾರ್ಥನೆ ಎನ್ನಬೇಕೋ ಎಫ್‌ಐಆರ್ ಎನ್ನಬೇಕೋ ನನಗೂ ತಮ್ಮನಿಗೂ ತಿಳಿಯುತ್ತಿರಲಿಲ್ಲ. ಮೊಣಕಾಲ ಮೇಲೆ ಕೂತ ನಮ್ಮ ಗಮನವೆಲ್ಲ ಅಡುಗೆಮನೆಯಲ್ಲಿ ಆರುತ್ತಿದ್ದ ಸಾರಿನ ಮೇಲೆ. ಕಾಟನ್ ಮಿಲ್ಲಿನಲ್ಲಿ ದಿನವಿಡೀ ನಿಂತು ದುಡಿದು ಬಂದ ಅಪ್ಪ, ಅಮ್ಮ ಉಸಿರೆಳೆದುಕೊಳ್ಳಲು ಒಂದು ಕ್ಷಣ ನಿಲ್ಲಿಸಿದರೆ ಸಾಕು, ಗಟ್ಟಿಯಾಗಿ "ಆಮೆನ್" ಎಂದುಬಿಡುತ್ತಿದ್ದ. ಅಮ್ಮ ಕಣ್ಣು ಬಿಡದೆ "ಇನ್ನೂ ಐತೆ" ಎನ್ನುತ್ತಿದ್ದಳು.

ಇದರ ಜೊತೆಗೆ ಸಂತ ಅಂತೋಣಿಯವರದು ಬೇರೆ ಖಾತೆ. ಕಳೆದ ವಸ್ತು ಹುಡುಕಿಕೊಡುವುದು ಅವರ ಕೆಲಸ, ಮಂಗಳವಾರ ಅವರ ವಾರ, ಪ್ರತಿಯಾಗಿ ಬಡವರಿಗೆ ಅನ್ನ ಹಾಕಲು ಡಬ್ಬಿಗೆ ಕಾಸು ಹಾಕುವುದು ಪದ್ಧತಿ. ಅಮ್ಮನ ಕನ್ನಡಕ ದಿನಾ ಕಳೆಯುತ್ತಿತ್ತು, ದಿನಾ ಸಿಗುತ್ತಿತ್ತು, ಬಹುಮಟ್ಟಿಗೆ ಅವಳ ತಲೆಯ ಮೇಲೇ. ಅಪ್ಪ ಕನ್ನಡಕಕ್ಕೊಂದು ದಾರ ಕಟ್ಟಿಕೊಟ್ಟ. ಅಮ್ಮ ದಾರ ಬಿಚ್ಚಿದಳು. ಬಡವರ ಅನ್ನಕ್ಕೆ ಕಲ್ಲು ಹಾಕಬೇಡಿ ಎಂದಳು.

ಅವಳು ಮಾಡುತ್ತಿದ್ದದ್ದಕ್ಕೆ ಶಾಸ್ತ್ರಾಧಾರ ಇದೆಯೆಂದು ನನಗೆ ತಿಳಿದದ್ದು ಮೇಷ್ಟರಾದ ಮೇಲೆ. ಯೇಸುಸಭೆಯನ್ನು ಕಟ್ಟಿದ ಇಗ್ನೇಷಿಯಸ್ ಲೊಯೋಲ 16ನೇ ಶತಮಾನದಲ್ಲೇ ಆತ್ಮಪರೀಕ್ಷೆಯ ಕ್ರಮವೊಂದನ್ನು ಬರೆದಿಟ್ಟಿದ್ದಾರೆ. ಅದರಲ್ಲಿ ಮೊದಲ ಮೆಟ್ಟಿಲು ಪಾಪದ ಪಟ್ಟಿಯಲ್ಲ, ಪಡೆದ ಉಪಕಾರಗಳಿಗೆ ವಂದನೆ. ಪಾಪ ಆಮೇಲೆ. ದಾವಣಗೆರೆಯ ದಲ್ಲಾಳಿ ಮಂಡಿಗಳಲ್ಲಿ ಸಂಜೆ ಬಾಗಿಲು ಹಾಕುವ ಮುಂಚೆ ಕಿರ್ದಿ ಬರೆಯುವ ಹಾಗೇ ಇದು: ಮೊದಲು ಜಮಾ, ಆಮೇಲೆ ಖರ್ಚು. ನಾವು ಬರೆಯುವ ಕಿರ್ದಿಯಲ್ಲಿ ಬರೀ ಖರ್ಚಿನ ಪುಟವಿರುತ್ತದೆ. ನೀರು ಬರದ ದಿನ ಇಡೀ ಬೀದಿಗೆ ನೆನಪಿರುತ್ತದೆ. ಬಂದ ದಿನ ಯಾವ ವಾರ ಎಂದು ಕೇಳಿದರೆ ಯಾರೂ ಹೇಳಲಾರರು.

ಚಿಲ್ಲರೆ ಕೃತಜ್ಞತೆಗೆ ಕಷ್ಟದ ಜಾಗವೆಂದರೆ ಬೆಣ್ಣೆದೋಸೆ ಹೋಟೆಲು. ಊಟಕ್ಕೆ ಮುಂಚೆ ಪ್ರಾರ್ಥನೆ ಮನೆಯಲ್ಲಿ ಸುಲಭ. ಭಾನುವಾರ ಬಲಿಪೂಜೆ ಮುಗಿಸಿಕೊಂಡು ಹೋಟೆಲಿಗೆ ಹೊಕ್ಕರೆ, ಜಾಗಕ್ಕಾಗಿ ನಿಮ್ಮ ಕುರ್ಚಿಯ ಬೆನ್ನು ಹಿಡಿದು ಒಬ್ಬ ಆಗಲೇ ನಿಂತಿರುತ್ತಾನೆ. ತಟ್ಟೆಯಲ್ಲಿ ದೋಸೆ, ಆಲೂಗಡ್ಡೆ ಪಲ್ಯ, ಕಾಯಿಚಟ್ನಿ, ಮೇಲೆ ಜಾರಲು ಹವಣಿಸುತ್ತಿರುವ ಬೆಣ್ಣೆ. ಹೀಗಿರುವಾಗ ಇಡೀ ಕುಟುಂಬ ಕಣ್ಣು ಮುಚ್ಚಿ ತಲೆ ತಗ್ಗಿಸಿದರೆ ಸಪ್ಲೈಯರ್ ಗಾಬರಿಯಾಗುತ್ತಾನೆ. "ಯಾಕ್ರಿ ಸಾರ್, ಏನರ ಬಿದ್ದೈತೇನ್ರಿ ಚಟ್ನ್ಯಾಗೆ?" ಎಂದು ಒಮ್ಮೆ ಕೇಳಿಯೇಬಿಟ್ಟ. ಇಂಗ್ಲೆಂಡಿನ ಚೆಸ್ಟರ್ಟನ್ ಎಂಬ ಲೇಖಕ, ಊಟಕ್ಕೆ ಮಾತ್ರವಲ್ಲ, ನಾಟಕ ನೋಡುವ ಮುಂಚೆ, ಪುಸ್ತಕ ತೆರೆಯುವ ಮುಂಚೆ, ಲೇಖನಿಯನ್ನು ಮಸಿಗೆ ಅದ್ದುವ ಮುಂಚೆಯೂ ದೇವರಿಗೆ ವಂದಿಸುತ್ತೇನೆಂದು ಬರೆದುಕೊಂಡಿದ್ದ. ಭಾನುವಾರ ಬೆಳಗಿನ ಹತ್ತು ಗಂಟೆಗೆ ಅವನು ದಾವಣಗೆರೆಯಲ್ಲಿ ಸೀಟು ಹಿಡಿದು ತೋರಿಸಬೇಕಿತ್ತು. ಬೆಣ್ಣೆ ಕರಗುವುದರೊಳಗೆ ಮುಗಿಯುವ ಪ್ರಾರ್ಥನೆಯನ್ನು ನನ್ನ ಹೆಂಡತಿ ರೂಢಿಸಿಕೊಂಡಿದ್ದಾಳೆ. ಶಿಲುಬೆಯ ಗುರುತು ಹಾಕಿದ ಕೈಯೇ ಕೆಳಗಿಳಿಯುವಾಗ ದೋಸೆ ಮುರಿದಿರುತ್ತದೆ.

ಲೂಕನ ಸುವಾರ್ತೆಯ 17ನೇ ಅಧ್ಯಾಯದಲ್ಲಿ ಹತ್ತು ಮಂದಿ ಕುಷ್ಠರೋಗಿಗಳ ಕತೆ ಬರುತ್ತದೆ. ಹತ್ತೂ ಜನಕ್ಕೆ ವಾಸಿಯಾಯಿತು, ವಂದನೆ ಹೇಳಲು ವಾಪಸು ಬಂದವನು ಒಬ್ಬನೇ. ನಾನು ಯಾವಾಗಲೂ ಆ ಒಂಬತ್ತು ಮಂದಿಯ ಪರ. ಯಾಜಕರಿಗೆ ಮೈ ತೋರಿಸಿ ಎಂದು ಯೇಸುವೇ ಹೇಳಿ ಕಳಿಸಿದ್ದರಿಂದ ಅವರು ಹೇಳಿದ ಕೆಲಸವನ್ನೇ ಮಾಡುತ್ತಿದ್ದರು. ಅದೂ ಅಲ್ಲದೆ ಎಷ್ಟೋ ಕಾಲದ ಮೇಲೆ ಮನೆಯೊಳಗೆ ಕೂತು ಬಿಸಿ ಊಟ ಮಾಡುವ ಯೋಗ. ಯಾರಿಗಾದರೂ ಕಾಲು ಮನೆ ಕಡೆಗೇ ಎಳೆಯುತ್ತದೆ. ಆದರೆ ವಾಪಸು ಬಂದ ಆ ಒಬ್ಬ ಸಮಾರ್ಯದವನು, ಬೇರೆಯವನು, ಲೆಕ್ಕಕ್ಕಿಲ್ಲದವನು ಎಂಬುದಿದೆಯಲ್ಲ, ಅಲ್ಲಿ ನನ್ನ ವಕಾಲತ್ತು ಕುಸಿಯುತ್ತದೆ. ಏಕೆಂದರೆ ನಮ್ಮ ಬೀದಿಯಲ್ಲೂ ಅದೇ ಕತೆ.

ಪಕ್ಕದ ಮನೆಯ ಅಜ್ಜಿ ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ ಇರುವವರು. ಜ್ಞಾನಸ್ನಾನ ಪಡೆದ ನಾನು ವರ್ಷಕ್ಕೊಮ್ಮೆ ಹರಿಹರಕ್ಕೆ ಹೋದರೆ ಹೆಚ್ಚು. ಅಜ್ಜಿ ಮಂಡಿನೋವು ಒಂದು ಚೂರು ಕಡಿಮೆಯಾದರೂ ಬಸ್ಸು ಹತ್ತುತ್ತಾರೆ. ಮೊದಲು ಹೊಯ್ಸಳರ ದಂಡನಾಯಕ ಪೋಲಾಳ್ವ 13ನೇ ಶತಮಾನದಲ್ಲಿ ಕಟ್ಟಿಸಿದ ಹರಿಹರೇಶ್ವರನ ಗುಡಿ, ಆಮೇಲೆ ಆರೋಗ್ಯಮಾತೆ. "ಅರ್ಧ ಹರಿ, ಅರ್ಧ ಹರ, ಪೂರ್ತಿ ಅಮ್ಮ. ಒಂದ ಬಸ್ ಚಾರ್ಜಿನ್ಯಾಗೆ ಮೂರೂ ಮಂದಿಗೆ ಕೈ ಮುಗೀಬಹುದು ಮೇಷ್ಟ್ರೆ" ಎನ್ನುತ್ತಾರೆ. ಭೂಮಿಯನ್ನು ದಾನ ಬೇಡಿದ ವಿನೋಬಾ ಭಾವೆಯವರ ಹೆಸರಿನ ಬಡಾವಣೆಯಲ್ಲಿ ನಾವು ಅರ್ಧ ಅಡಿ ಕಾಂಪೌಂಡಿಗೆ ಮುಖ ಮುರಿದುಕೊಳ್ಳುವಾಗ, ಅಜ್ಜಿಯ ದೇವರುಗಳು ಮಾತ್ರ ಕಾಂಪೌಂಡಿಲ್ಲದೆ ಬಾಳುತ್ತಿದ್ದಾರೆ.

ಸಣ್ಣದಕ್ಕೆ ವಂದಿಸುವುದರಲ್ಲಿ ಇನ್ನೊಂದು ಅಪಾಯವಿದೆ: ಖರ್ಚು. ದೊಡ್ಡ ಪವಾಡವನ್ನು ದೇವರು ನೇರವಾಗಿ ಮಾಡುತ್ತಾನೆ, ಒಂದು ಮೇಣದಬತ್ತಿಗೆ ಮುಗಿಯುತ್ತದೆ. ಸಣ್ಣ ಉಪಕಾರಗಳನ್ನು ಅವನು ಯಾವಾಗಲೂ ಯಾರದೋ ಕೈಯಲ್ಲಿ ಮಾಡಿಸುತ್ತಾನೆ. ನಾವು ಕುಡಿಯುವ ತುಂಗಭದ್ರೆಯ ನೀರು ಹರಿಹರದ ಹತ್ತಿರದ ರಾಜನಹಳ್ಳಿಯಿಂದ ಪಂಪಾಗಿ ಬರಬೇಕು. ಬಂದ ಮೇಲೆ ನಮ್ಮ ಬೀದಿಯ ಮೂಲೆಯಲ್ಲಿ ಒಬ್ಬ ಹುಡುಗ ಸೈಕಲ್ಲಿನಲ್ಲಿ ಬಂದು, ಮಾರುದ್ದದ ಕಬ್ಬಿಣದ ಕೀಲಿಯನ್ನು ಗುಂಡಿಯೊಳಗೆ ಇಳಿಸಿ ತಿರುಗಿಸಬೇಕು. ಅಮ್ಮ ಇದನ್ನು ಕಂಡುಹಿಡಿದ ದಿನದಿಂದ ಕ್ರಿಸ್‌ಮಸ್ಸಿನಲ್ಲಿ ನಮಗೆ ದುರ್ದಿನ ಶುರುವಾಯಿತು. ಕರ್ಜಿಕಾಯಿ, ಚಕ್ಕುಲಿ, ಕಲ್‌ಕಲ್ ತುಂಬಿದ ಮೊದಲ ತಟ್ಟೆ ನೀರು ಬಿಡುವ ಹುಡುಗನಿಗೆ. ಆಮೇಲೆ ಬೀದಿ ಗುಡಿಸುವಾಕೆಗೆ, ಸಿಲಿಂಡರ್ ಹೊತ್ತು ತರುವವನಿಗೆ, ಹಾಲಿನವನಿಗೆ, ರೈಲ್ವೆ ಗೇಟಿನವನಿಗೆ. ಗೇಟಿನವನು ಯಾಕಮ್ಮ ಎಂದರೆ, ಅವನು ಗೇಟು ಹಾಕಿದ್ದರಿಂದಲೇ ನೀವೆಲ್ಲ ಕೈಕಾಲು ನೆಟ್ಟಗಿರುವುದು ಎಂದಳು. ಮನೆಮಂದಿಯ ಪಾಲಿಗೆ ಉಳಿಯುತ್ತಿದ್ದದ್ದು ಮುರಿದ ಚಕ್ಕುಲಿ. ಅದಕ್ಕೂ ರಾತ್ರಿ ಕೃತಜ್ಞತೆ ಹೇಳಬೇಕಿತ್ತು.

ಕಳೆದ ಸೆಪ್ಟೆಂಬರ್ ಹಬ್ಬಕ್ಕೆ ಪಕ್ಕದ ಮನೆ ಅಜ್ಜಿಯೂ ನಾವೂ ಒಂದೇ ಬಸ್ಸಿನಲ್ಲಿ ಹರಿಹರಕ್ಕೆ ಹೋದೆವು. ಮೇಣದಬತ್ತಿ ಅಂಗಡಿಯ ಮುಂದೆ ಅಜ್ಜಿ, "ನಿಮ್ಮದೇನ್ರಿ ಮೇಷ್ಟ್ರೆ ಹರಕೆ?" ಎಂದು ಕೇಳಿದರು. ಹೇಳಿಕೊಳ್ಳುವಂಥದ್ದು ಏನೂ ಹೊಳೆಯಲಿಲ್ಲ. ಬಿಪಿ ಏರಿಲ್ಲ, ಪಿಂಚಣಿ ಒಂದನೇ ತಾರೀಕಿಗೇ ಬರುತ್ತಿದೆ, ಮೊನ್ನೆಯ ಮಳೆಗೆ ಮನೆ ಸೋರಲಿಲ್ಲ, ಸೊಸೆ ತಾನಾಗಿ ಫೋನ್ ಮಾಡಿದ್ದಳು ಎಂದು ತಡವರಿಸಿಕೊಂಡು ಹೇಳುತ್ತಾ ಹೋದೆ.

"ಇಷ್ಟಕ್ಕೆಲ್ಲ ಒಂದು ಕ್ಯಾಂಡಲ್ ಎಲ್ಲಿ ಸಾಕಾಗ್ತೈತ್ರಿ? ಪಾಕೀಟ ತಗೊಳ್ರಿ" ಎಂದರು ಅಜ್ಜಿ.

ಪಾಕೀಟು ತೆಗೆದುಕೊಂಡು ಐನೂರರ ನೋಟು ಕೊಟ್ಟೆ. ಅಂಗಡಿಯವನು ಗಲ್ಲಾ ಪೆಟ್ಟಿಗೆಯನ್ನು ಎಷ್ಟು ತಡಕಾಡಿದರೂ ಲೆಕ್ಕ ಸರಿಹೋಗದೆ, "ಚಿಲ್ಲರೆ ಇಲ್ರಿ ಸಾರ್" ಎಂದು ಬಾಕಿ ದುಡ್ಡಿಗೆ ಇನ್ನಷ್ಟು ಮೇಣದಬತ್ತಿಗಳನ್ನು ಕೈಗಿಟ್ಟ. ಸಾಲಿನಲ್ಲಿ ನನ್ನ ಹಿಂದೆ ಜನ ನೂಕುತ್ತಿದ್ದರು. ಆ ಹೆಚ್ಚುವರಿ ಬತ್ತಿಗಳಿಗೆ ಕಾರಣ ಹುಡುಕುತ್ತಾ ನಾನೂ ಅಜ್ಜಿಯೂ ದೇವಾಲಯದ ಬಾಗಿಲವರೆಗೂ ಚರ್ಚೆ ಮಾಡಿದೆವು.