ಯಗಟಿ ಗೃಹಕಳ್ಳಿ ಪಾಲನ ಮೀಮಾಂಸೆ

ಪ್ರಸ್ತಾವನೆ: ಕಡೂರು ತಾಲ್ಲೂಕಿನ ಯಗಟಿಯ ಕಳ್ಳಿಗಳಲ್ಲಿ ಎರಡು ಪಂಗಡ. ಬೇಲಿಯದು, ಬೆಂಗಳೂರಿನ ನರ್ಸರಿಯದು. ಮೊದಲನೆಯದನ್ನು ಯಾರೂ ಸಾಕಲಿಲ್ಲ, ಆದ್ದರಿಂದ ಬದುಕಿದೆ. ಎರಡನೆಯದನ್ನು ಮನೆಮಂದಿಯೆಲ್ಲ ಸಾಕುತ್ತಾರೆ. ಅದರ ಮರಣಕಾರಣವೇ ಪ್ರಸ್ತುತ ಸಂಶೋಧನೆಯ ವಿಷಯ.

ಲಕ್ಷಣವಿಚಾರ: ಬೇಲಿಯ ಚದುರಗಳ್ಳಿ ಯುಫೋರ್ಬಿಯಾ ಕುಲದ್ದು. ಕಡಿದರೆ ಬಿಳಿ ಹಾಲು, ಕಣ್ಣಿಗೆ ಸಿಡಿದರೆ ಆಸ್ಪತ್ರೆ. ಕುಂಡದಲ್ಲಿ ಹಳದಿ ಮುಳ್ಳು ಹೊದ್ದು ಕೂತ 'ಗೋಲ್ಡನ್ ಬ್ಯಾರೆಲ್' ಮೆಕ್ಸಿಕೊ ಮೂಲದ ಅಸಲಿ ಕ್ಯಾಕ್ಟಸ್. 1990ರ ದಶಕದಲ್ಲಿ ಜಿಮಾಪಾನ್ ಅಣೆಕಟ್ಟಿನ ನೀರು ಅದರ ತವರಿನ ಕಣಿವೆಗೆ ನುಗ್ಗಿತು. ಈಗ ಕಾಡಿನಲ್ಲಿ ಅಪರೂಪ, ನರ್ಸರಿಯಲ್ಲಿ ಸಾಲುಸಾಲು. ಅಲ್ಲಿ ಅಣೆಕಟ್ಟು ಮಾಡಿದ ಕೆಲಸವನ್ನು ಯಗಟಿಯಲ್ಲಿ ಒಂದು ಸ್ಟೀಲ್ ಚೊಂಬು ಮಾಡಿ ಮುಗಿಸುತ್ತದೆ.

ಜಲವಿಚಾರ: ಪೂರ್ವಪಕ್ಷವನ್ನು ಅಜ್ಜಿ ಮಂಡಿಸುತ್ತಾರೆ: "ಪಾಪ, ಬಾಯಾರೈತೆ ಕಣೋ, ಒಂದ್ ಚೊಂಬು ಹಾಕು." ಇದಕ್ಕೆ ಸಿದ್ಧಾಂತ: ಕ್ಯಾಕ್ಟಸ್ ಬಿಸಿಲಲ್ಲಿ ಉಸಿರುರಂಧ್ರ ಮುಚ್ಚಿಕೊಂಡು, ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡನ್ನು ಆಮ್ಲರೂಪದಲ್ಲಿ ಕೂಡಿಟ್ಟು, ಹಗಲು ಖರ್ಚು ಮಾಡುತ್ತದೆ. ಹೀಗಾಗಿ ನೀರು ಪೋಲಾಗುವುದು ಕಡಿಮೆ. ಬೇಸಿಗೆಯಲ್ಲೂ ಮಣ್ಣು ತಳದವರೆಗೆ ಒಣಗಿದ ಮೇಲೆಯೇ ನೀರು. ಚಳಿಗಾಲದಲ್ಲಿ ಹೆಚ್ಚುಕಮ್ಮಿ ಏಕಾದಶಿ. ತೆಂಗಿನ ಸೀಮೆಯಲ್ಲಿ ನಾರಿನ ಪುಡಿ ಸುಲಭವಾಗಿ ಸಿಗುತ್ತದೆಂದು ಕುಂಡದ ತುಂಬ ಅದನ್ನೇ ತುರುಕಿದರೆ ತೇವ ಹಿಡಿದು ಬೇರು ಕೊಳೆಯುತ್ತದೆ. ದಪ್ಪ ಮರಳು, ಸಣ್ಣ ಜಲ್ಲಿ ಅರ್ಧಕ್ಕಿಂತ ಹೆಚ್ಚಿರಬೇಕು, ಕುಂಡದ ತಳಕ್ಕೆ ತೂತಿರಬೇಕು.

ಶತ್ರುವಿಚಾರ: ಮುಳ್ಳಿನ ಸಂದಿಯಲ್ಲಿ ಬೆಳ್ಳಗೆ ಕಾಣುವುದು ವಿಭೂತಿಯಲ್ಲ, ಹಿಟ್ಟು ತಿಗಣೆ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು. ಇದರ ದೂರದ ನೆಂಟ ಕೊಚಿನೀಲ್ ಹುಳು. ಕೆಂಪು ಬಣ್ಣದ ಆಸೆಗೆ 1795ರಲ್ಲಿ ಬ್ರಿಟಿಷರು ಅದನ್ನು ಭಾರತಕ್ಕೆ ತರಿಸಿದರು. ಬಂದದ್ದು ಬೇರೆ ಜಾತಿಯ ಹುಳು. ಬಣ್ಣ ಕಳಪೆ, ಹಸಿವು ಮಾತ್ರ ಉತ್ತಮ. ಅದು ಒಂದು ಜಾತಿಯ ಪಾಪಾಸುಕಳ್ಳಿಯನ್ನೇ ಮೇಯ್ದು ಹಾಕಿತು. ದಕ್ಷಿಣದ ಹೊಲಗಳಿಗೆ ಹಬ್ಬಿದ್ದ ಮತ್ತೊಂದು ಜಾತಿಯನ್ನು ಮಣಿಸಲು 1926ರಲ್ಲಿ ಸಿಲೋನಿನಿಂದ ಬೇರೊಂದು ಹುಳುವನ್ನು ಕರೆಸಬೇಕಾಯಿತು.

ಸ್ಥಾನಾಂತರವಿಧಿ: ದಿನಪತ್ರಿಕೆಯನ್ನು ಅಂಗೈ ಅಗಲಕ್ಕೆ ಮಡಚಿ, ಪಟ್ಟಿ ಮಾಡಿ, ಗಿಡದ ಸೊಂಟಕ್ಕೆ ಸುತ್ತಿ, ಎರಡೂ ತುದಿ ಹಿಡಿದು ಎತ್ತುವುದು. ಪುರವಣಿಯ ಹಾಳೆ ಸಾಲದು, ಮುಳ್ಳು ದಾಟಿ ಬರುತ್ತದೆ. ದಾಟಿ ಬಂದ ಮುಳ್ಳನ್ನು ಚಿಮಟದಿಂದ ಕೀಳಬೇಕು. ಚಿಮಟ ಯಾರ ಟ್ರಂಕಿನಲ್ಲಿದೆಯೆಂಬ ಬಗ್ಗೆ ಮನೆಯ ವಿದ್ವಾಂಸರಲ್ಲಿ ಒಮ್ಮತವಿಲ್ಲದ ಕಾರಣ ಆ ಭಾಗವನ್ನು ಎರಡನೆಯ ಸಂಪುಟಕ್ಕೆ ಬಿಡಲಾಗಿದೆ.